ಕೇರಿ ಕರೆಯುವವಳು

ಹಲೋ... ಯಾರು ಮಾತಾಡೋದು? ... ಓ, ಇವಾರಿಸ್ತಣ್ಣನಾ? ಕೇರಿ ಮುಖ್ಯಸ್ಥರ ದನೀನೇ ಗುರುತು ಸಿಗ್ಲಿಲ್ಲ ನೋಡಿ. ಹಾಂ, ನಾನು ಅಸುಂಪ್ತಾನೇ.

...

ನಾಳೆ ಉಮುಗಾಂಡಕ್ಕೆ, ಊರೆಲ್ಲ ಸೇರಿ ಮಾಡೋ ಕೆಲಸಕ್ಕೆ, ಬರ್ತೀಯಾ ಅಂತಾನಾ? ನನ್ನ ಯಾಕೆ ಕೇಳ್ತೀರಿ? ಜನ ಕರೆಯೋ ಕೆಲಸ ಸ್ಪೆಸಿಯೋಸ್‌ಗೆ ಕೊಟ್ಟಿದೀರಲ್ಲ. ಹನ್ನೊಂದು ವರ್ಷ, ಪ್ರತಿ ತಿಂಗಳ ಕೊನೇ ಶನಿವಾರ, ಗುದ್ದಲಿ ಹೆಗಲಿಗೇರಿಸ್ಕೊಂಡು ಮನೆಮನೆ ಬಾಗಿಲು ತಟ್ಟಿದವಳು ನಾನು. ಅವಳು ಮೊನ್ನೆ ಮೊನ್ನೆ ಕಿಗಾಲಿ ಪಟ್ಟಣದಿಂದ ಬಂದ್ಲು, ಫೋನಲ್ಲಿ ಗುಂಪು ಮಾಡಿ ಒಂದು ಮೆಸೇಜ್ ಒತ್ತಿದ್ಲು. ಮುಗೀತು, ಅವಳೇ ದೊಡ್ಡವಳು!

...

ಹೊಟ್ಟೆಕಿಚ್ಚಾ? ಹೂಂ, ಹೊಟ್ಟೆಕಿಚ್ಚೇ. ಉರೀತಿದೆ ಅಣ್ಣ. ಹೋದ ತಿಂಗಳು ಸಭೇಲಿ ಅವಳಿಗೆ ಚಪ್ಪಾಳೆ ಹೊಡೆದ್ರಲ್ಲ, ಮೊದಲು ಶುರು ಮಾಡಿದ್ದೇ ನೀವು. ನನಗೆ ಯಾವತ್ತಾದ್ರೂ ಹೊಡೆದಿದೀರಾ? ಅವಳ ಬೂಟು ನೋಡಿದ್ರಾ, ಒಂದು ಹನಿ ಕೆಸರಿಲ್ಲ!

...

ಏನು, ಯಾರೂ ಬರಲ್ಲ ಅಂತಿದಾರಾ? ... ಮೇಲಿನ ಸಾಲಿನವ್ರಾ? ... ಕೆಳಗಿನವ್ರೂನಾ? ... ಸರಿ, ಮುಚ್ಚಿಡೋದೇನು, ನಾನೇ ಹೇಳಿದ್ದು. ನಾಳೆ ಪಕ್ಕದ ಗುಡ್ಡದವರ ಕೆಲಸಕ್ಕೆ ಹೋಗಿ ಅಂತ. ಶಾಲೆ ಚರಂಡೀನ ಅವಳೊಬ್ಳೇ ತೋಡ್ಲಿ.

...

ಚರಂಡಿ ಅಲ್ವಾ? ಜಾಗ ಬದಲಾಯ್ತಾ? ಎಲ್ಲಿಗೆ? ... ನಮ್ಮನೆಗಾ?

...

ಹಿತ್ತಿಲ ಗೋಡೆ ಕುಸಿದಿದ್ದು ನಿಮಗ್ಯಾರು ಹೇಳಿದ್ರು? ... ಸ್ಪೆಸಿಯೋಸಾ? ... ಹೌದು, ಮಂಗಳವಾರದ ಮಳೆಗೆ. ಗುಡ್ಡದ ಮಣ್ಣು ಮಕ್ಕಳು ಮಲಗೋ ಕೋಣೆಗೆ ಒತ್ಕೊಂಡು ನಿಂತಿದೆ. ಎಲ್ಲರ ಮನೆಗೂ ಜನ ಕರೆದವಳು, ನಮ್ಮನೆಗೆ ಬನ್ನಿ ಅಂತ ಯಾವ ಬಾಯಲ್ಲಿ ಕೇಳ್ಲಿ? ಅದಕ್ಕೇ ಸುಮ್ಮನಿದ್ದೆ.

...

ಅವಳೇ ಹಟ ಹಿಡಿದ್ಲಾ? ಅಕ್ಕನ ಮನೆ ಮೊದಲು, ಚರಂಡಿ ಆಮೇಲೆ ಅಂತ? ... ಅಕ್ಕ ಅಂದ್ಲಾ? ... ಇನ್ನೊಂದ್ಸಲ ಹೇಳಿ.

...

ಇಲ್ಲ, ಅಳ್ತಿಲ್ಲ. ಇನ್ನೊಂದು ಮಳೆ ಬಂದ್ರೆ ಕೋಣೆ ಉಳಿಯಲ್ಲ, ಗೊತ್ತು. ಆದ್ರೆ ಎಂಬತ್ತು ಮನೆ ಅಣ್ಣ, ಈಗ ನಾನೊಬ್ಳೇ ತಿರುಗಿ ಎಷ್ಟು ಜನರನ್ನ ವಾಪಸ್ ಕರೀಲಿ? ಅವಳು ಮೆಸೇಜ್ ಹಾಕಿದ್ರೇನೇ ಆಗೋದು.

...

ಬೇಡ, ನೀವು ಹೇಳ್ಬೇಡಿ. ನಾನು ಮಾಡಿದ್ದನ್ನ ನಾನೇ ಹೇಳಿ, ನಾನೇ ಕೇಳ್ಕೋತೀನಿ. ಅವಳ ನಂಬರ್ ಕೊಡಿ. ... ಇತ್ತು, ಅಳಿಸಿ ಹಾಕಿದೀನಿ. ... ಹಾಂ, ಹೇಳಿ. ಸೊನ್ನೆ, ಏಳು, ಎಂಟು... ಆಮೇಲೆ? ... ಅಣ್ಣಾ, ಆಮೇಲೆ? ... ಹಲೋ? ಹಲೋ? ಅಯ್ಯೋ, ಲೈನ್ ಕಟ್ಟಾಯ್ತಲ್ಲ!