ಅತ್ತೆಯ ನಿಧನದ ನಿಮಿತ್ತ

ಹಲ್ಲಿನ ಡಾಕ್ಟರ ಹೊರಕೋಣೆಯಲ್ಲಿ ಊದಿದ ಕೆನ್ನೆ ಹಿಡಿದು ಕೂತಿದ್ದ ದರ್ಜಿಗೆ ಯಾರ ಮಾತೂ ಬೇಕಿರಲಿಲ್ಲ. ಆದರೆ ಪಕ್ಕದಲ್ಲಿದ್ದ ವಯಸ್ಸಾದ ಹೆಂಗಸು ವಾರಪತ್ರಿಕೆ ಬಿಡಿಸಿ, ಜೊತೆಗಿದ್ದ ಕನ್ನಡಕದವನಿಗೆ ಗಟ್ಟಿಯಾಗಿಯೇ ಓದಿ ಹೇಳಿದರು.

"'ಅತ್ತೆಯವರ ನಿಧನದ ನಿಮಿತ್ತ ನಮ್ಮ ಅಂಕಣಕಾರರು ಈ ವಾರ ಬರೆದಿಲ್ಲ.' ಅಳಿಯಂದಿರೇ, ನಾನು ಹೋಗಿದ್ದು ಯಾವತ್ತು?"

"ಅತ್ತೆ, ಮೆಲ್ಲಗೆ! ಸಂಪಾದಕರು ಫೋನ್ ಮೇಲೆ ಫೋನ್ ಮಾಡ್ತಿದ್ರು. ಬಾಯಿಗೆ ಬಂದಿದ್ದು ಹೇಳ್ಬಿಟ್ಟೆ. ಅಚ್ಚು ಹಾಕ್ತಾರೆ ಅಂತ ಗೊತ್ತಿರ್ಲಿಲ್ಲ."

"ಒಂದು ಪುಟ ಬರೆಯೋಕೆ ಒಂದು ವಾರ ಸಾಲ್ದಾ?"

"ಮನಸ್ಸು ಹದಕ್ಕೆ ಬರಬೇಕಲ್ಲ."

"ಹೂಂ, ನೋಡಿದ್ನಲ್ಲ. ಸೋಮವಾರ ಮನೆ ಫ್ಯಾನೆಲ್ಲ ಒರೆಸಿದ್ರಿ. ಮಂಗಳವಾರ ಪುಸ್ತಕ ಇಳಿಸಿ, ಎತ್ತರ ನೋಡಿ ನೋಡಿ ಜೋಡಿಸಿದ್ರಿ. ಬುಧವಾರ ನನ್ನ ಕೊಂದ್ರಿ. ಪಾಪ, ಬಿಡುವೇ ಇಲ್ಲ ನಿಮಗೆ."

"ಮುಂದಿನ ವಾರದ್ದು ಇವತ್ತು ಸಂಜೆಯೊಳಗೆ ಕಳಿಸ್ತೀನಿ, ನಿಮ್ಮಾಣೆ."

"ಓಹೋ, ಅದಕ್ಕೇನಾ ನನ್ನ ಹಲ್ಲಿನ ಮೇಲೆ ಇಷ್ಟು ಕಾಳಜಿ! ನೋವೇ ಇಲ್ಲ ಅಂದ್ರೂ ಬೆಳಗ್ಗೆಯೇ ಎಳ್ಕೊಂಡು ಬಂದ್ರಿ."

ದರ್ಜಿಗೆ ನಗು ಉಕ್ಕಿತು. ನಕ್ಕರೆ ದವಡೆ ಸಿಡಿಯುತ್ತಿತ್ತು.

ನರ್ಸ್ ಕರೆದಳು. ಅತ್ತೆಗಿಂತ ಮೊದಲು ಅಳಿಯ ಎದ್ದ.

"ನೀವೆಲ್ಲಿಗೆ? ಕೂತು ಬರೀರಿ."

"ಇಲ್ಲಿ ಏನಂತ ಬರೀಲಿ ಅತ್ತೆ?"

"ಸತ್ತೋಳ ಬಗ್ಗೆ ನಾಲ್ಕು ಒಳ್ಳೆ ಮಾತು. ಅದಕ್ಕೂ ಒಂದು ವಾರ ಬೇಕಾ?"

ಅತ್ತೆ ಒಳಗೆ ಹೋದರು. ಅಳಿಯ ನಿಟ್ಟುಸಿರು ಬಿಟ್ಟು ಪೆನ್ನಿನ ಮುಚ್ಚಳ ತೆಗೆದ. ಆಮೇಲೆ ತಲೆಯೆತ್ತಿ ಮೇಲೆ ನೋಡಿದವನು, ನೋಡುತ್ತಲೇ ಉಳಿದ.

"ಏನ್ ಸಾರ್ ಇದು," ಎಂದು ದರ್ಜಿಯ ಕಡೆ ತಿರುಗಿದ, "ಫ್ಯಾನ್ ಮೇಲೆ ಇಷ್ಟು ಧೂಳು! ಇಲ್ಲಿ ಒಂದು ಬಟ್ಟೆ ಸಿಗುತ್ತಾ?"