ವಯಸ್ಸು ಮೂವತ್ತೆರಡು

ಅಲ್ಲಾಡಬೇಡ ಕಣೇ, ಕಟ್ಟು ಸಡಿಲ ಆಗುತ್ತೆ. ಕೈ ಮುರಿದಿದೆ ಅಂದ್ಕೋ. ಕೈ ಮುರಿದವರು ಹೀಗೆ ಬಿಸ್ಕತ್ತು ತಿನ್ನಲ್ಲ. ಗೊತ್ತು, ನೀನೂ ನರ್ಸು, ನಾನೂ ನರ್ಸು, ಬ್ಯಾಂಡೇಜ್ ನಮಗೇನು ಹೊಸದಲ್ಲ. ಆದ್ರೆ ವಾರ್ಡಲ್ಲಿ ಕಟ್ಟೋದು ಬೇರೆ, ಮನೆ ಕುಸಿದ ಕಡೆ ಕಟ್ಟೋದು ಬೇರೆ. ಅಲ್ಲಿ ಏನೂ ಸಿಗಲ್ಲ. ಈಗ ನಿನ್ನ ಮೊಣಕೈಗೆ ಸುತ್ತಿರೋದು ಏನು? ಹೋದ ವರ್ಷದ ಕ್ಯಾಲೆಂಡರು. ಸಾಕು, ಗಟ್ಟಿ ಇದೆ.

ಎಲ್ಲಿಗೆ ಬಂದಿದ್ದೆ... ಹ್ಞಾಂ, ತರಬೇತಿಯ ಎರಡನೇ ದಿನ. ತುರ್ತು ಪಡೆಗೆ ಸ್ವಯಂಸೇವಕರಾಗಿ ಹೋಗೋ ನರ್ಸುಗಳು ಇಪ್ಪತ್ತು ಜನ, ದೊಡ್ಡಾಸ್ಪತ್ರೆ ಪಾರ್ಕಿಂಗಲ್ಲಿ ಸಾಲಾಗಿ ನಿಂತಿದ್ವಿ. ಭೂಕಂಪ ಆಗಿದೆ ಅಂತ ಲೆಕ್ಕ. ಅಡುಗೆಮನೆಯವರು, ಬಟ್ಟೆ ಒಗೆಯೋರು, ಲಿಫ್ಟಿನವನು, ಎಲ್ಲಾ ಮೈಗೆ ಕೆಂಪು ಬಣ್ಣ ಬಳ್ಕೊಂಡು ನೆಲದ ಮೇಲೆ ಮಲಗಿದ್ರು. ನಾವು ಓಡಿ ಹೋಗಿ ಚೀಟಿ ಕಟ್ಟಬೇಕು. ಕೆಂಪು ಅಂದ್ರೆ ಈಗಲೇ ಎತ್ತಿ, ಹಳದಿ ಅಂದ್ರೆ ಸ್ವಲ್ಪ ಕಾಯಬಹುದು, ಹಸಿರು ಅಂದ್ರೆ ಅವರೇ ನಡ್ಕೊಂಡು ಹೋಗ್ತಾರೆ. ಕಪ್ಪು ಅಂದ್ರೆ... ಮುಗೀತು.

ಲಿಫ್ಟಿನವನಿಗೆ ನಾನು ಕಪ್ಪು ಕಟ್ಟಿದೆ. ಉಸಿರು ಹಿಡ್ಕೊಂಡು ಅಷ್ಟು ಚೆನ್ನಾಗಿ ಬಿದ್ದಿದ್ದ. ಎದ್ದು ಕೂತು ಜಗಳಕ್ಕೇ ಬಂದ. 'ಸಿಸ್ಟರ್, ನನಗೆ ಕೊಟ್ಟ ಕಾಗದದಲ್ಲಿ ಬರೀ ಕಾಲು ಉಳುಕಿದೆ ಅಂತಿದೆ, ನೀವು ಸಾಯಿಸೇಬಿಟ್ರಲ್ಲ' ಅಂತ. ಸತ್ತವರು ಮಾತಾಡೋ ಹಾಗಿಲ್ಲ ಅಂತ ತರಬೇತಿ ಕೊಡೋ ಪಡೆಯ ಸಾಹೇಬ್ರು ಅವನನ್ನ ಮತ್ತೆ ಮಲಗಿಸಿದ್ರು.

ನಗ್ತೀಯಾ? ಇನ್ನೂ ಕೇಳು. ಅಲ್ಲಿಯ ಸೂಪರಿಂಟೆಂಡೆಂಟ್ ಮೇಡಂ ನೋಡೋಕೆ ಅಂತ ಬಂದು, ಬಿಸಿಲು ತಡೀಲಾರದೆ ಮೆಟ್ಟಿಲ ಮೇಲೆ ಕೂತು ಕಣ್ಣು ಮುಚ್ಚಿದ್ರು. ಯಾರೋ ಹುಡುಗಿ ಹೋಗಿ ಹಳದಿ ಚೀಟಿ ಕಟ್ಟಿದ್ಲು. ಇನ್ನಿಬ್ಬರು ಎತ್ತಿ ಸ್ಟ್ರೆಚರಿಗೆ ಹಾಕಿ ಬೆಲ್ಟ್ ಬಿಗಿದ್ರು. 'ನಾನು ಯಾರು ಗೊತ್ತೇನ್ರೇ' ಅಂತ ಅವರು. 'ತಲೆಗೆ ಪೆಟ್ಟು ಬಿದ್ದಿದೆ, ಏನೇನೋ ಮಾತಾಡ್ತಿದ್ದಾರೆ' ಅಂತ ಇವರು. ಹಳದಿ ಕಿತ್ತು ಕೆಂಪು ಕಟ್ಟಿ ಆಂಬುಲೆನ್ಸ್ ಹತ್ತಿಸಿಯೇಬಿಟ್ರು. ಎರಡು ಕಿಲೋಮೀಟರ್ ಹೋದ ಮೇಲೆ ಡ್ರೈವರ್ ಗುರುತು ಹಿಡಿದನಂತೆ.

ನಿಧಾನ ನಗು, ಬಿಸ್ಕತ್ತು ಗಂಟಲಿಗೆ ಸಿಕ್ಕೀತು.

ಮೂರನೇ ದಿನ ದೇಹ ಪರೀಕ್ಷೆ. ಡಾಕ್ಟ್ರು ಫಾರಂ ನೋಡ್ತಾರೆ, ನನ್ನ ಮುಖ ನೋಡ್ತಾರೆ, ಮತ್ತೆ ಫಾರಂ ನೋಡ್ತಾರೆ. ಮಂಡಿ ಬಗ್ಗಿಸಿ ಅಂದ್ರು. ಬಗ್ಗಿಸಿದೆ, ಹಳೇ ಬಾಗಿಲಿನ ಹಾಗೆ ಕಿರ್ ಅಂತು. 'ವಯಸ್ಸು ಮೂವತ್ತೆರಡಾ ಸಿಸ್ಟರ್?' ಅಂದ್ರು. ಹೌದು ಸರ್, ನೈಟ್ ಡ್ಯೂಟಿ ಜಾಸ್ತಿ ಅಂದೆ. ಪಾಪ, ಅವರಿಗೇ ಬೇಜಾರಾಗಿ ಒಂದು ಬಾಟ್ಲಿ ಟಾನಿಕ್ ಬರೆದುಕೊಟ್ರು.

...ಯಾಕೆ, ಇದಕ್ಕೆ ನಗು ಬರಲಿಲ್ವಾ?

ಟೈಪ್ ಮಾಡೋರು ತಪ್ಪು ಮಾಡಿರ್ತಾರೆ, ಬಿಡು. ನಲವತ್ತೊಂಬತ್ತು ಹೋಗಿ ಮೂವತ್ತೆರಡು ಅಂತ... ಆಗುತ್ತೆ ಒಂದೊಂದ್ಸಲ. ಆ ಕೈ ಕೊಡು. ಕೊಡೇ. ಹಾಗೆ ನೋಡಬೇಡ ನನ್ನ. ಬಯ್ಯೋದಾದ್ರೆ ಬಯ್ದುಬಿಡು.

ಪಡೆಯಿಂದ ಕರೆ ಪತ್ರ ಬಂದಿದ್ದು ನಿನಗೆ ಕಣೇ. ಇಪ್ಪತ್ತು ದಿನ ಆಯ್ತು. ನನ್ನ ಅರ್ಜಿ ಅದಕ್ಕೂ ಮುಂಚೆನೇ ವಾಪಸ್ ಬಂದಿತ್ತು, ನಲವತ್ತೈದು ದಾಟಿದವರು ಬೇಡವಂತೆ. ನಿನ್ನ ಲಕೋಟೆಯನ್ನ ಪೋಸ್ಟಿನವನು ನನ್ನ ಕೈಗೆ ಕೊಟ್ಟ. ಸಾಯಂಕಾಲ ಕೊಡೋಣ ಅಂದ್ಕೊಂಡೆ. ಸಾಯಂಕಾಲ ನಿನ್ನ ಮಗಳು ನನ್ನ ತೊಡೆ ಮೇಲೆ ನಿದ್ದೆ ಹೋಗಿದ್ಲು. ಮೂರು ವರ್ಷದ ಕೂಸನ್ನ ಬಿಟ್ಟು ಇವಳು ಹೇಗೆ ಹೋಗ್ತಾಳೆ ಅನ್ನಿಸ್ತು...

ಇಲ್ಲ. ಅದು ನೆಪ. ಕೂಸು ನಿನ್ನ ಹತ್ರಕ್ಕಿಂತ ನನ್ನ ಹತ್ರಾನೇ ಚೆನ್ನಾಗಿರ್ತಾಳೆ, ನಿನಗೂ ಗೊತ್ತು. ಇಪ್ಪತ್ತಾರು ವರ್ಷ ಅದೇ ವಾರ್ಡು, ಅದೇ ಹನ್ನೆರಡು ಮಂಚ. ಒಂದೇ ಒಂದು ಸಲ ನನ್ನನ್ನೂ ಯಾರಾದ್ರೂ ಕರೀಲಿ ಅಂತ ಆಸೆ. ಕರೆದದ್ದು ನಿನ್ನನ್ನ; ನನ್ನನ್ನೇ ಕರೆದ್ರು ಅಂತ ನಿನಗೆ ಹೇಳಿ ನಾನು ಹೋದೆ. ಗುರುತಿನ ಕಾರ್ಡಿನ ಮೇಲೆ ನಿನ್ನ ಫೋಟೋನೇ ಇದ್ದದ್ದು. ಅಕ್ಕತಂಗಿ ಅಲ್ವಾ, ಮುಖ ಒಂದೇ ಥರ; ಪಾಪ ದಣಿದಿದ್ದಾಳೆ ಅಂದ್ಕೊಂಡ್ರು. ಆವತ್ತು ನೀನು, ಹೆಸರು ಬರಲಿಲ್ಲ ಅಂತ, ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಕೊಂಡು ಅಳ್ತಿದ್ದೆಯಲ್ಲ... ನಾನು ಹೊರಗೇ ನಿಂತಿದ್ದೆ, ಟವೆಲ್ ಹಿಡ್ಕೊಂಡು. ಬಾಗಿಲು ಬಡಿಯೋಕೆ ಆಗಲಿಲ್ಲ.

ಬೆಳಿಗ್ಗೆಯಿಂದ ಇದನ್ನೆಲ್ಲಾ ನಿನ್ನ ಮೈಮೇಲೆ ಕಟ್ಟಿ ತೋರಿಸ್ತಿದ್ದೀನಿ. ನಿನಗೆ ಕಲಿಸ್ತಿದ್ದೀನೋ ಜಂಬ ಕೊಚ್ಕೊಳ್ತಿದ್ದೀನೋ, ನನಗೇ ತಿಳೀತಿಲ್ಲ.

ತಡಿ, ಫೋನು. ಪಡೆಯ ಸಾಹೇಬ್ರು. ನಾಳೆ ಪಡೆ ಹೊರಡೋ ಬಸ್ಸು ಎಷ್ಟು ಗಂಟೆಗೆ ಅಂತ ಹೇಳೋಕೆ ಮಾಡಿರ್ತಾರೆ. ಏನು ಹೇಳಲಿ? ...ಸರಿ. ನಿಜಾನೇ ಹೇಳ್ತೀನಿ.

ಹಲೋ, ನಮಸ್ಕಾರ ಸರ್... ಹೌದು, ಮೂರು ದಿನ ಬಂದಿದ್ದು ನಾನೇ. ಆದ್ರೆ ಆ ಹೆಸರು ನನ್ನದಲ್ಲ ಸರ್, ನನ್ನ ತಂಗೀದು. ನಾನು ಅವಳ ಅಕ್ಕ. ಕರೆ ಬಂದಿದ್ದು ಅವಳಿಗೆ, ಪತ್ರ ಬಚ್ಚಿಟ್ಟಿದ್ದು ನಾನು. ಅವಳಿಗೆ ಇದೇನೂ ಗೊತ್ತಿರಲಿಲ್ಲ. ನನಗಿಂತ ಚುರುಕು ಸರ್, ಒಂದು ದಿನ ಹೇಳಿಕೊಟ್ರೆ ಸಾಕು, ಕಲಿತುಬಿಡ್ತಾಳೆ. ನನಗೆ ಏನು ಶಿಕ್ಷೆ ಬೇಕಾದ್ರೂ... ಸರ್? ಹಲೋ?

ಲೈನಲ್ಲೇ ಇದ್ದಾರೆ ಕಣೇ. ತಗೋ, ನೀನೇ ಮಾತಾಡು.