ಹನ್ನೊಂದನೆಯ ಏಟು

ಈ ಸಭೆಯ ಅಧ್ಯಕ್ಷರಾದ ಶ್ರೀ ಕೊಟ್ರಬಸಪ್ಪನವರೇ, ಹೊನ್ನಾಳಿಯ ಪುರಪ್ರಮುಖರೇ, ಚಾಪೆಯ ಮೇಲೂ, ಚಾಪೆ ಸಾಲದೆ ಬರಿ ನೆಲದ ಮೇಲೂ ಕುಳಿತಿರುವ ಸಭಿಕರೇ,

ಈ ಜಂಪಣ್ಣನಿಗೆ ಶಾಲು ಹೊದಿಸಿದ್ದೀರಿ. ಇಪ್ಪತ್ತು ವರ್ಷ ನಾಡನ್ನು ನಗಿಸಿದವನು ಎಂದು ಹೊಗಳಿದ್ದೀರಿ. ಯಾರನ್ನು ತೋರಿಸಿ ನಗಿಸಿದೆ? ಅದನ್ನು ಯಾರೂ ಕೇಳಲಿಲ್ಲ. ಕೇಳದಿದ್ದರೂ ಹೇಳುತ್ತೇನೆ.

ನಾನು ನಾಟಕ ಕಂಪನಿಯಲ್ಲಿ ಹಾಸ್ಯದ ಪಾತ್ರ ಮಾಡುತ್ತಿದ್ದವನು. ಅಲ್ಲಿ ಏಟು ಎಂದರೆ ಸುಳ್ಳು ಏಟು. ಹೊಡೆಯುವವನ ಕೈ ಗಾಳಿಯಲ್ಲಿ ಹೋಗುತ್ತದೆ. ಏಟು ತಿನ್ನುವವನು ಬೆನ್ನು ತಿರುಗಿಸಿ ತಾನೇ ಚಪ್ಪಾಳೆ ತಟ್ಟಿ ಸದ್ದು ಮಾಡುತ್ತಾನೆ. ಆ ವಿದ್ಯೆಯಲ್ಲಿ ಜಗಳೂರಿನ ಓಬಳಪ್ಪನಷ್ಟು ನಿಪುಣನನ್ನು ನಾನು ಕಂಡಿಲ್ಲ. ಮೂವತ್ತೊಂಬತ್ತನೆಯ ಇಸವಿಯಲ್ಲಿ ಇದೇ ಊರಿನಲ್ಲಿ ನನ್ನ ಮೊದಲ ಮಾತಿನ ಚಿತ್ರ ತೆಗೆದಾಗ ಆಳಿನ ಪಾತ್ರ ಅವನಿಗೆ ಕೊಟ್ಟೆ. ಧಣಿಯ ಪಾತ್ರ ಯಾರದು? ನಿಮಗೆಲ್ಲ ಗೊತ್ತು. ಚಿತ್ರಕ್ಕೆ ಮನೆ ಕೊಟ್ಟವರು, ಮೋಟಾರು ಕೊಟ್ಟವರು, ಇಂದಿನ ಅಧ್ಯಕ್ಷರು.

ಧಣಿ ಆಳಿನ ಕೆನ್ನೆಗೆ ಹೊಡೆಯಬೇಕು. ಅಧ್ಯಕ್ಷರು ಏನೆಂದರು?

"ಸುಳ್ಳು ಹೊಡ್ಯಾಕೆ ನಂಗೆ ಬರಲ್ಲಪ್ಪ, ಜಂಪಣ್ಣ. ಆಳಿಗೆ ಹೆಂಗೆ ಹೊಡೀಬೇಕು ಅಂತ ನೀನು ಕಲಿಸ್ತೀಯೇನು?"

ಎಲ್ಲರೂ ನಕ್ಕರು. ನಾನೂ ನಕ್ಕೆ. ನಿಜವಾಗಿಯೇ ಹೊಡೆದರು. ಒಮ್ಮೆ ಸದ್ದು ಹಿಡಿಯುವ ಯಂತ್ರ ಕೆಟ್ಟಿತು, ಒಮ್ಮೆ ಹೊರಗೆ ಎಮ್ಮೆ ಕೂಗಿತು, ಒಮ್ಮೆ ಮೋಡ ಬಂತು. ಹೀಗೆ ಹನ್ನೊಂದು ಏಟು. "ಇನ್ನೊಂದು ಸಲ" ಎಂದವರು ಅಧ್ಯಕ್ಷರಲ್ಲ. ನಾನು. ಪ್ರತಿ ಸಲವೂ ನಾನೇ.

ಕಥೆಯ ಕೊನೆಯಲ್ಲಿ ಆಳು ಧಣಿಗೆ ಒಂದೇ ಒಂದು ಏಟು ತಿರುಗಿ ಕೊಡಬೇಕಿತ್ತು. ಆ ಏಟಿಗಾಗಿಯೇ ಕಥೆ ಬರೆದಿದ್ದೆ. ಅದನ್ನು ಕೇಳಿದೊಡನೆ ಅಂದು ಅಧ್ಯಕ್ಷರು ಕುರ್ಚಿಯಿಂದ ಎದ್ದರು.

"ಸುಳ್ಳು ಏಟಾದ್ರೂ ನನ್ನ ಕೆನ್ನೆಗೆ ಬ್ಯಾಡ. ನಾಳೆ ನಾನು ಬೀದ್ಯಾಗೆ ಓಡಾಡಾದು ಐತೆ."

ಆ ದೃಶ್ಯ ತೆಗೆಯಲೇ ಇಲ್ಲ. ಆಳು ಏಟು ತಿಂದಲ್ಲಿಗೇ ಚಿತ್ರ ಮುಗಿಯಿತು. ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಟೆಂಟು ಹಾಕಿದಲ್ಲೆಲ್ಲ ನೀವು ಹೊಟ್ಟೆ ಹಿಡಿದುಕೊಂಡು ನಕ್ಕಿರಿ. ಕೂಲಿಯವರೂ ನಕ್ಕರು. ಹಗಲು ತಮ್ಮ ಕೆನ್ನೆಗೆ ಬಿದ್ದದ್ದನ್ನೇ ಪರದೆಯ ಮೇಲೆ ಕಂಡು ನಕ್ಕರು. ಇದನ್ನು ನಾವು ಕಲೆ ಎಂದು ಕರೆದೆವು.

ಮೊನ್ನೆ ಓಬಳಪ್ಪನನ್ನು ಈ ಸಭೆಗೆ ಕರೆಯಲು ಜಗಳೂರಿಗೆ ಹೋದೆ. ಜಗಲಿಯ ಮೇಲೆ ಹಗ್ಗ ಹೊಸೆಯುತ್ತ ಕುಳಿತಿದ್ದ. ಅವನ ಎಡಗಡೆ ನಿಂತು ಮೂರು ಸಲ ಕರೆದೆ. ತಿರುಗಲಿಲ್ಲ. ಅವನ ಹೆಂಡತಿ ಗಾದ್ರಮ್ಮ ಒಳಗಿನಿಂದ ಬಂದಳು.

"ಈ ಕಡೀಗ್ ಬಂದು ಮಾತಾಡ್ರಿ ಸ್ವಾಮಿ. ಆ ಕಿವಿ ನಿಮ್ಮ ಸಿನಿಮಾಕ್ಕೆ ಹೋತು."

ಒಂಬತ್ತು ವರ್ಷ ಇದು ನನಗೆ ತಿಳಿದಿರಲಿಲ್ಲ. ತಿಳಿಯಲು ನಾನು ಹೋಗಿರಲಿಲ್ಲ. ಓಬಳಪ್ಪ ಹೆಂಡತಿಯನ್ನೇ ಗದರಿದ: "ಸುಮ್ಕಿರೇ. ಮಂದಿ ನಕ್ಕರಲ್ಲ."

ಸಭಿಕರೇ, ದೇಶಕ್ಕೆ ಸ್ವಾತಂತ್ರ್ಯ ಬಂದಿದೆಯಂತೆ. ಈ ಭಾಷಣ ಮುಗಿದೊಡನೆ ಅದೇ ಚಿತ್ರ ತೋರಿಸುವುದಾಗಿ ಊರಿಗೆಲ್ಲ ಸಾರಿದ್ದಾರೆ. ತೋರಿಸುವುದಿಲ್ಲ. ಚಿತ್ರ ಇನ್ನೂ ಮುಗಿದಿಲ್ಲ.

ಅಧ್ಯಕ್ಷರೇ, ಓಬಳಪ್ಪ ಬಂದಿದ್ದಾನೆ. ಅಲ್ಲಿ, ಮೂರನೆಯ ಸಾಲಿನಲ್ಲಿ ಕುಳಿತಿದ್ದಾನೆ. ಅಂದು ನೀವು ಬೇಡವೆಂದ ದೃಶ್ಯವನ್ನು ಈಗ ಈ ಜನರ ಎದುರಿಗೆ ಆಡಿ ತೋರಿಸಿ. ಎದ್ದು ಮುಂದೆ ಬನ್ನಿ. ಹೆದರಬೇಡಿ. ನೋಯಿಸದೆ ಹೊಡೆಯುವುದು ನಮ್ಮ ಮೂವರಲ್ಲಿ ಅವನೊಬ್ಬನಿಗೇ ಗೊತ್ತು.

ಇಷ್ಟು ಹೊತ್ತು ನಗದೆ ಕೇಳಿದ್ದಕ್ಕೆ ನಿಮಗೆಲ್ಲ ವಂದನೆ. ನಾನು ಪಕ್ಕಕ್ಕೆ ಸರಿದು ಜಾಗ ಬಿಡುತ್ತೇನೆ. ನಮಸ್ಕಾರ.